ಬಾವಿ ಹಾಡಿನ ಅಳತೆಯಲ್ಲಿ ಗೂಡು ಬೇಯಿಸಿದ್ದು

ಮೂವತ್ತೊಂದು ವರ್ಷ ನಾನು ರೇಷ್ಮೆಗೂಡು ಬೇಯಿಸಿದೆ, ರಾಮನಗರದ ಒಂದು ನೂಲು ತೆಗೆಯುವ ಕಾರ್ಖಾನೆಯಲ್ಲಿ. ಈಗ ಈ ಕೆಲಸಕ್ಕೆ ಸೇರುವವರು ಗುಂಡಿ ಒತ್ತಿ ನಿಲ್ಲುತ್ತಾರೆ, ಯಂತ್ರ ಗಂಟೆ ಹೊಡೆದಾಗ ತಿರುಗಿ ನೋಡುತ್ತಾರೆ. ಅವರ ಮೇಲಿನ ಹೊಟ್ಟೆಕಿಚ್ಚಿನಿಂದ ಇದನ್ನು ಬರೆಯುತ್ತಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಇದೆ ಅನ್ನಿ. ಆದರೆ ಬರೆಯಲು ಕಾರಣ ಬೇರೆ.

ಹೋದ ವರ್ಷ ಟೀವಿಯ ಹಾಡಿನ ಸ್ಪರ್ಧೆಯಲ್ಲಿ ಒಬ್ಬ ಹುಡುಗಿ ಒಂದು ಹಳೆಯ ಹಾಡು ಹಾಡಿದಳು. ತೀರ್ಪುಗಾರರು ಕಣ್ಣೊರೆಸಿಕೊಂಡರು. ಈ ಹಾಡಿಗೆ ಮುಪ್ಪೇ ಇಲ್ಲ ಎಂದರು, ರಾಗದ ಬಗ್ಗೆ ಮಾತಾಡಿದರು, ಬರೆದ ಕವಿಯ ಬಗ್ಗೆ ಮಾತಾಡಿದರು. ನನ್ನ ಹೆಂಡತಿ ನನ್ನ ಮುಖ ನೋಡಿ ಟೀವಿಯ ಸದ್ದು ತಗ್ಗಿಸಿದಳು. ಆ ಹಾಡನ್ನು ಕರ್ನಾಟಕದಲ್ಲಿ ನನಗಿಂತ ಹೆಚ್ಚು ಸಲ ಹಾಡಿದವರು ಯಾರೂ ಇರಲಾರರು. ಅದನ್ನು ನನಗಿಂತ ಕೆಟ್ಟದಾಗಿ ಬಳಸಿಕೊಂಡವರೂ ಇರಲಾರರು.

ಅದು ಕಪ್ಪುಬಿಳುಪು ಕಾಲದ ಸಿನಿಮಾ ಹಾಡು. ಅದರ ಹೆಸರು ಏನೇ ಇರಲಿ, ನಮ್ಮ ಕಡೆ ಎಲ್ಲರೂ ಅದನ್ನು ಬಾವಿ ಹಾಡು ಎನ್ನುತ್ತಿದ್ದೆವು. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣು ನೀರು ಸೇದುತ್ತಾ, ಮನೆಯಲ್ಲಿ ಯಾರಿಗೂ ಹೇಳಲಾಗದ್ದನ್ನು ಬಾವಿಗೆ ಹೇಳಿಕೊಳ್ಳುತ್ತಾಳೆ. ಕೊನೆಯ ಚರಣದಲ್ಲಿ, ಇದನ್ನು ಯಾರಿಗೂ ಹೇಳಬೇಡ ಎಂದು ಬಾವಿಯನ್ನೇ ಬೇಡಿಕೊಳ್ಳುತ್ತಾಳೆ. ಆ ಸಿನಿಮಾ ಮಾಗಡಿಯ ಟೆಂಟಿನಲ್ಲಿ ನಾಲ್ಕು ದಿನವೂ ಓಡಲಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದರು. ನಾಯಕನ ಹೆಸರು ಅವರಿಗೇ ಮರೆತುಹೋಗಿತ್ತು. ಹಾಡು ಮಾತ್ರ ಉಳಿಯಿತು. ಗ್ರಾಮಫೋನ್ ಪ್ಲೇಟಿನಲ್ಲಿ ಬಂತು, ಮದುವೆಮನೆಯ ಮೈಕಿನಲ್ಲಿ ಬಂತು, ರೇಡಿಯೋದಲ್ಲಿ ಕೋರಿಕೆಯ ಮೇರೆಗೆ ವಾರಕ್ಕೊಮ್ಮೆಯಾದರೂ ಬಂತು, ಆಮೇಲೆ ಕ್ಯಾಸೆಟ್ಟಿನಲ್ಲಿ. ಸೋಲೂರಿನ ನಮ್ಮ ಮನೆಯಲ್ಲಿ ನಾನು ಅದನ್ನು ಕಲಿತೆ ಎಂದು ಹೇಳಲಾರೆ. ಅದು ಮನೆಯಲ್ಲಿ ಇತ್ತು, ಒಲೆ ಇದ್ದ ಹಾಗೆ.

ಅದು ನನ್ನ ಕಸುಬಾದದ್ದು ಖಾದರ್ ಮೇಸ್ತ್ರಿಯಿಂದ. ನಾನು ಸೇರಿದಾಗ ಗೂಡು ಬೇಯಿಸುತ್ತಿದ್ದವರು ಅವರು. ಕನಕಪುರದವರು, ತೆಳ್ಳಗಿನ ಆಳು, ಹಬೆಯಲ್ಲಿ ನಿಂತು ನಿಂತು ಕಣ್ಣು ಸದಾ ಕೆಂಪು. ಮೊದಲ ದಿನ ನಾನು ಅಪ್ಪನ ಕೈಗಡಿಯಾರ ಕಟ್ಟಿಕೊಂಡು ಹೋಗಿದ್ದೆ. ಅವರು ಅದನ್ನು ಬಿಚ್ಚಿಸಿದರು.

"ಹಬೆಯಾಗೆ ಗಡಿಯಾರ ಇಟ್ಕಂಡ್ರೆ ಗೂಡು ಬೇಯಲ್ಲ ಬೇಟಾ, ಗಡಿಯಾರ ಬೇಯ್ತದೆ" ಎಂದರು. "ಬಾವಿ ಹಾಡು ಬರ್ತದಾ ನಿಂಗೆ?"

ಬರುತ್ತದೆ ಎಂದೆ.

"ಹಂಗಾರೆ ಅರ್ಧ ಕೆಲ್ಸ ಬಂತು."

ಕೆಲಸ ಹೀಗಿತ್ತು. ಮೂರು ತೊಟ್ಟಿ. ಮೊದಲನೆಯದರಲ್ಲಿ ಬಿಸಿನೀರು, ಎರಡನೆಯದರಲ್ಲಿ ಕುದಿನೀರು, ಮೂರನೆಯದರಲ್ಲಿ ಆರಿದ ನೀರು. ಗೂಡು ತುಂಬಿದ ತಂತಿಬುಟ್ಟಿಯನ್ನು ಒಂದರಿಂದ ಇನ್ನೊಂದಕ್ಕೆ ಅದ್ದಿ ತೆಗೆಯಬೇಕು. ಗೂಡಿನ ಎಳೆಗೆ ಹುಳ ಹಚ್ಚಿದ ಅಂಟಿರುತ್ತದೆ. ಹೆಚ್ಚು ಬೆಂದರೆ ಎಳೆ ಗುಂಪಾಗಿ ಕಿತ್ತುಬಂದು ವೇಸ್ಟಾಗುತ್ತದೆ, ಕಡಿಮೆ ಬೆಂದರೆ ಅಂಟು ಬಿಡದೆ ತುಂಡಾಗುತ್ತದೆ. ನಡುವಿನ ಹದ ಅರ್ಧ ನಿಮಿಷದ್ದು. ಗೋಡೆಯ ಗಡಿಯಾರ ಹಬೆಯಲ್ಲಿ ಕಾಣುತ್ತಿರಲಿಲ್ಲ, ಕೈ ಎರಡೂ ಬುಟ್ಟಿಯ ಮೇಲೆ. ಆದ್ದರಿಂದ ಹಾಡು. ಪಲ್ಲವಿ ಮುಗಿಯುವವರೆಗೆ ಮೊದಲ ತೊಟ್ಟಿ, ಎರಡು ಚರಣ ಕುದಿನೀರು, ಕೊನೆಯ ಚರಣಕ್ಕೆ ಆರಿದ ನೀರು. ಬಾಯಿಬಿಟ್ಟು ಹಾಡಬೇಕಾಗಿಲ್ಲ, ಗುನುಗಿದರೆ ಸಾಕು. ದಿನಕ್ಕೆ ನೂರು ಸಲವಾದರೂ ಗುನುಗುತ್ತಿದ್ದೆವು.

ಬೇರೆ ಹಾಡು ಆಗುತ್ತಿರಲಿಲ್ಲವೇ ಎಂದು ಆಮೇಲೆ ಅನೇಕರು ಕೇಳಿದ್ದಾರೆ. ಖಾದರ್ ಮೇಸ್ತ್ರಿ ನಾಲ್ಕಾರು ಪ್ರಯತ್ನಿಸಿದ್ದರಂತೆ. ಕೆಲವು ಹಾಡು ಖುಷಿಯಲ್ಲಿ ಬೇಗ ಓಡುತ್ತವೆ, ಕೆಲವು ಬೇಸರ ಬಂದು ಜೋಲುತ್ತವೆ. ಬಾವಿ ಹಾಡನ್ನು ಯಾರೂ ಓಡಿಸುತ್ತಿರಲಿಲ್ಲ. ಅವಳು ನೀರು ಸೇದುತ್ತಾ ಹಾಡುತ್ತಾಳೆ, ತುಂಬಿದ ಕೊಡ ಎಷ್ಟು ವೇಗದಲ್ಲಿ ಮೇಲೆ ಬರುತ್ತದೋ ಅಷ್ಟೇ ವೇಗ. ಟೀವಿಯವರು ರಾಗ ಎಂದರು. ನನಗೆ ರಾಗ ತಿಳಿಯದು. ಕೆಲಸ ಮಾಡುವ ಕೈ ಇರುವವರೆಗೆ ಆ ಹಾಡು ಇರುತ್ತದೆ ಎಂದಷ್ಟೇ ನಾನು ನಂಬಿದ್ದೆ.

ಹಬೆಯ ಆಚೆ ಸಾಲಾಗಿ ಬೇಸಿನ್‌ಗಳು. ಒಂದೊಂದರ ಮುಂದೆ ಒಬ್ಬ ಹೆಂಗಸು, ಬೆಂದ ಗೂಡಿನಿಂದ ಎಳೆ ಹಿಡಿದು, ಏಳೆಂಟು ಎಳೆ ಸೇರಿಸಿ ನೂಲಾಗಿ ತಿರುಗುವ ರಾಟೆಗೆ ಕೊಡುತ್ತಿದ್ದಳು. ನಾನು ಗುನುಗಿದರೆ ಅವರೂ ಗುನುಗುವರು. ಒಂದನೇ ಬೇಸಿನ್ನಿನಲ್ಲಿ ಕೂಟಗಲ್ಲಿನ ಪುಟ್ಟತಾಯಮ್ಮ. ನನಗಿಂತ ಐದಾರು ವರ್ಷ ದೊಡ್ಡವಳು, ಗಂಡ ತೀರಿಕೊಂಡ ವರ್ಷ ಕೆಲಸಕ್ಕೆ ಬಂದವಳು. ಸೀರೆ ನೇಯುವಾಗ ಉದ್ದಕ್ಕೆ ಹಾಸಲು ಬೇಕಾಗುವ ಸಣ್ಣ ನೂಲು ತೆಗೆಯುವ ಕೈ ಇಡೀ ಕಾರ್ಖಾನೆಯಲ್ಲಿ ಇದ್ದದ್ದು ಇಬ್ಬರಿಗೆ, ಅವರಲ್ಲಿ ಇವಳೇ ಮೇಲು. ಉಳಿದವರ ನೂಲು ದಪ್ಪ, ಅದರಲ್ಲಿ ಒಂದು ಎಳೆ ತುಂಡಾದರೂ ಮುಚ್ಚಿಹೋಗುತ್ತದೆ. ಸಣ್ಣ ನೂಲಿನಲ್ಲಿ ಮುಚ್ಚುವುದಿಲ್ಲ. ಅವಳ ನೂಲಿನ ಲಡಿ ಬಂದರೆ ಕೊಳ್ಳುವವರು ಬಿಚ್ಚಿ ನೋಡುತ್ತಿರಲಿಲ್ಲ. ಒಂದನೇ ಬೇಸಿನ್ನಿನ ಚೀಟಿ ನೋಡಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅದರ ಹೆಮ್ಮೆ ಅವಳಿಗೆ ಇತ್ತು, ಇರಬೇಕಾದದ್ದೇ.

ಒಂದು ಸಲ ರೇಷ್ಮೆ ಇಲಾಖೆಯ ಕಿರಿಯ ಅಧಿಕಾರಿಯೊಬ್ಬರು ಸ್ಟಾಪ್‌ವಾಚ್ ಹಿಡಿದು ಬಂದರು. ಹಾಡಿನಲ್ಲಿ ಬೇಯಿಸುತ್ತಾರೆ ಎಂದು ಯಾರೋ ಹೇಳಿ ನಗಿಸಿದ್ದರಂತೆ. ಬೆಳಗಿನಿಂದ ಊಟದ ಹೊತ್ತಿನವರೆಗೆ ನನ್ನ ಪಕ್ಕದಲ್ಲೇ ಬೆವರುತ್ತಾ ನಿಂತು ಪ್ರತಿ ಬುಟ್ಟಿಯನ್ನೂ ಅಳೆದರು. ಹೆಚ್ಚೆಂದರೆ ಮೂರು ನಾಲ್ಕು ಸೆಕೆಂಡ್ ವ್ಯತ್ಯಾಸ. ವಾಚನ್ನೇ ಅಲುಗಾಡಿಸಿ ನೋಡಿದರು. ಆಗ ನಾನು ಉಬ್ಬಿದ್ದು ಸುಳ್ಳಲ್ಲ. ಆ ಉಬ್ಬು ಆಮೇಲೆ ಎಲ್ಲಿ ತಂದು ನಿಲ್ಲಿಸಿತು ಎಂಬುದೇ ಈ ಬರಹ.

ಎಚ್ಚರಿಕೆ ಸಿಕ್ಕಿರಲಿಲ್ಲ ಎನ್ನುವಂತಿಲ್ಲ. ಆ ಹಾಡು ಹಾಡಿದ್ದ ಗಾಯಕಿ ತೀರಿಕೊಂಡ ದಿನ ಬೆಳಗ್ಗೆ ರೇಡಿಯೋದಲ್ಲಿ ಅದನ್ನೇ ಮತ್ತೆ ಮತ್ತೆ ಹಾಕಿದರು. ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಲೇ ಎಳೆ ಹಿಡಿಯುತ್ತಿದ್ದರು. ನಾನು ದುಃಖದಲ್ಲಿ ಎಳೆದೆಳೆದು ಗುನುಗಿದೆ, ಮಧ್ಯಾಹ್ನದ ಹೊತ್ತಿಗೆ ಆರು ಬುಟ್ಟಿ ಗೂಡು ಗಂಜಿಯಾಗಿತ್ತು. ಕಾರ್ಖಾನೆಯ ಸಾಹುಕಾರರು ಬಂದು ನೋಡಿ, "ಸತ್ತೋರಿಗೆ ಅಳು ಕೆಂಪಣ್ಣ, ನನ್ ಗೂಡಿಗೂ ಯಾಕೆ ತಿಥಿ ಮಾಡ್ತೀಯ" ಎಂದು ಹೊರಟುಹೋದರು. ಹೆಂಗಸರು ಅಳುವಿನ ನಡುವೆಯೇ ನಕ್ಕರು. ಖಾದರ್ ಮೇಸ್ತ್ರಿ ಆಗಲೇ ಕೆಲಸ ಬಿಟ್ಟಿದ್ದರು. ವಿಷಯ ತಿಳಿದು ಹೇಳಿ ಕಳಿಸಿದರು, ಹಾಡನ್ನ ನೀನು ಹಾಡ್ಬೇಕು, ಹಾಡು ನಿನ್ನ ಹಾಡ್ಬಾರ್ದು ಅಂತ. ದೊಡ್ಡವರ ಮಾತು ಎಂದು ಕೇಳಿ ಸುಮ್ಮನಾದೆ, ತಲೆಗೆ ಹಾಕಿಕೊಳ್ಳಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ ಎಲ್ಲವೂ ಬದಲಾಯಿತು. ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದವು. ಬೈರಮಂಗಲದ ದಾರಿಯಲ್ಲಿ ಹೊಲಗಳಿಗೆ ಕಲ್ಲುಕಂಬ ನೆಟ್ಟರು. ಹಿಪ್ಪುನೇರಳೆ ತೋಟ ಕಿತ್ತವರು ಮತ್ತೆ ಹಾಕಲಿಲ್ಲ. ಗಾರ್ಮೆಂಟ್ಸಿನ ಬಸ್ಸು ಊರೂರಿಗೂ ಬಂದು ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಕೈ ಬೆರಳು ಕುದಿನೀರಿನಲ್ಲಿ ನೆನೆದು ಬಿಳಿಚಿಕೊಳ್ಳುವ ಕೆಲಸಕ್ಕಿಂತ ಹೊಲಿಗೆ ಮೇಲು ಎಂದು ಅವರು ಹೋದದ್ದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಅರ್ಧ ಬೇಸಿನ್ ಖಾಲಿ ಬಿದ್ದವು. ಸಣ್ಣ ನೂಲು ತೆಗೆಯುತ್ತಿದ್ದ ಇನ್ನೊಬ್ಬಳೂ ಹೋದಳು, ಪುಟ್ಟತಾಯಮ್ಮ ಒಬ್ಬಳೇ ಉಳಿದಳು. ಸಾಹುಕಾರರು ಮಗನಿಗೆ ವ್ಯವಹಾರ ಬಿಟ್ಟುಕೊಟ್ಟರು, ಅವನು ಒಬ್ಬ ಮ್ಯಾನೇಜರನ್ನು ಇಟ್ಟ.

ಅದೇ ಸುಮಾರಿಗೆ ಬಾವಿ ಹಾಡು ಹೊಸ ವೇಷದಲ್ಲಿ ಬಂತು. ಹೊಸ ಹುಡುಗಿಯ ದನಿ, ಹಿಂದೆ ಢಬ್ ಢಬ್ ಎಂದು ಡ್ರಮ್ಮು. ಬಾವಿಯೂ ಇಲ್ಲ, ಕೊಡವೂ ಇಲ್ಲ, ಹುಡುಗಿ ಯಾರಿಗೋ ಬಸ್ಸು ತಪ್ಪುವ ಹಾಗೆ ಹಾಡುತ್ತಿದ್ದಳು. ನಾನು ಬೈದೆ. ಕಂಡವರ ಹತ್ತಿರವೆಲ್ಲ ಬೈದೆ. ಆದರೆ ಕಿವಿ ಮುಚ್ಚಿಕೊಂಡು ತಿರುಗಲಾಗುತ್ತದೆಯೇ? ಆಟೋದಲ್ಲಿ ಅದೇ, ಕನಕಪುರದ ಪ್ರೈವೇಟ್ ಬಸ್ಸಿನಲ್ಲಿ ಅದೇ, ಚೌಲ್ಟ್ರಿಯಲ್ಲಿ ಅದೇ, ಮೊಬೈಲು ಬಂದ ಮೇಲೆ ಪ್ರತಿ ಜೇಬಿನಲ್ಲೂ ಅದೇ. ಜನಕ್ಕೆ ಆ ಹಾಡು ಎಷ್ಟು ಬೇಕಾಗಿತ್ತೆಂದರೆ ಹೇಗೆ ಕೊಟ್ಟರೂ ತೆಗೆದುಕೊಂಡರು. ಒಂದು ವರ್ಷ ಅದು ನನ್ನ ಕಿವಿಯಲ್ಲಿ ದಿನವೂ ಬಿತ್ತು. ನಾನು ಮಾತ್ರ ಹಳೆಯದನ್ನೇ ಗುನುಗುತ್ತಿದ್ದೇನೆ ಎಂದುಕೊಂಡಿದ್ದೆ.

ಒಂದು ಬೆಳಗ್ಗೆ ಪುಟ್ಟತಾಯಮ್ಮ ತಲೆಯೆತ್ತದೆ ಹೇಳಿದಳು, "ಕೆಂಪಣ್ಣ, ಒಸಿ ನಿಧಾನಕ್ಕೆ ಹಾಡು. ಎಳೆ ಬುಡ್ತಾ ಇಲ್ಲ."

ಎಲ್ಲ ಹೆಂಗಸರ ಎದುರಿಗೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ನಾನ್ ಹಾಡ್ ಕಲ್ತಾಗ ನೀನಿನ್ನೂ ಈ ಬಾಗ್ಲು ನೋಡಿರ್ಲಿಲ್ಲ" ಎಂದೆ. "ಕಣ್ಣು ಮಂಜಾಗಿದ್ರೆ ಕನ್ನಡಕ ಹಾಕ್ಸ್ಕೊ. ನನ್ ಹಾಡಿಗೆ ಯಾಕ್ ಬತ್ತೀಯ?"

ಅವಳು ಬೇಸಿನ್ನಿನ ಮೇಲೆ ಬಗ್ಗಿದಳು. ಎಳೆ ತುಂಡಾದಾಗಲೆಲ್ಲ ಗಂಟು ಹಾಕಿ ಹಾಕಿ ಮುಂದುವರಿಸಿದಳು.

ಕೆಲವು ವಾರ ಕಳೆದ ಮೇಲೆ ಅವಳ ಲಡಿಗಳು ವಾಪಸು ಬಂದವು. ಒಂದೆರಡಲ್ಲ, ಒಂದು ಇಡೀ ಕಟ್ಟು. ನೂಲಿನ ತುಂಬಾ ಗಂಟು, ದಪ್ಪ ಸಣ್ಣ. ಒಂದನೇ ಬೇಸಿನ್ನಿನ ಚೀಟಿ ಅದರ ಮೇಲೆಯೇ ಇತ್ತು. ಮ್ಯಾನೇಜರು ಲಡಿಯೊಂದನ್ನು ಹಿಡಿದುಕೊಂಡು ಬಂದು ಬೇಸಿನ್‌ಗಳ ನಡುವೆ ನಿಂತರು. ಕೆಟ್ಟ ಮನುಷ್ಯರಲ್ಲ, ಈ ಕಸುಬು ತಿಳಿಯದವರು, ಕೇಳಿ ತಿಳಿದುಕೊಳ್ಳೋಣ ಎಂದೇ ಬಂದಿದ್ದರು.

"ಏನಮ್ಮ ಇದು?"

"ಎಳೆ ಬುಡ್ತಿರ್ಲಿಲ್ಲ ಸಾರ್" ಎಂದಳು ಪುಟ್ಟತಾಯಮ್ಮ. ನನ್ನ ಕಡೆ ನೋಡಿದಳು, ಅಷ್ಟೇ. ನನ್ನ ಹೆಸರು ಎತ್ತಲಿಲ್ಲ.

ಅವರು ನನ್ನತ್ತ ತಿರುಗಿದರು. "ಬೇಯ್ಸಿದ್ದು ಸರಿಯಿತ್ತಾ ಕೆಂಪಣ್ಣ?"

"ಸರಿಯಿತ್ತು" ಎಂದೆ. "ಬೇರೆಯೋರ ನೂಲು ಚೆನ್ನಾಗಿ ಬಂದಿಲ್ವಾ? ಗೂಡು ಎಲ್ರಿಗೂ ಒಂದೇ."

ಆ ಮಾತು ಲೆಕ್ಕಕ್ಕೆ ಸರಿಯಾಗಿತ್ತು. ದಪ್ಪ ನೂಲಿನಲ್ಲಿ ತಪ್ಪು ಮುಚ್ಚಿಹೋಗುತ್ತದೆ ಎಂದು ಮ್ಯಾನೇಜರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆ ಕ್ಷಣಕ್ಕೆ ಅದು ನೆನಪಿಗೆ ಬರಲಿಲ್ಲವೋ, ಬರಗೊಡಲಿಲ್ಲವೋ, ಇವತ್ತಿಗೂ ಹೇಳಲಾರೆ. ನನ್ನ ಕೈಯಲ್ಲಿ ತಪ್ಪಿಲ್ಲ ಎಂದು ನಂಬಿಯೇ ಹೇಳಿದೆ, ಅಷ್ಟಂತೂ ನಿಜ. ಮ್ಯಾನೇಜರು ಅವಳನ್ನು ಒಂದನೇ ಬೇಸಿನ್ನಿನಿಂದ ಎಬ್ಬಿಸಿ ವೇಸ್ಟ್ ಆರಿಸುವ ಕಡೆ ಹಾಕಿದರು. ವಯಸ್ಸಾಯಿತು, ಕೈ ಹೋಗಿದೆ ಎಂದರು. ಹದಿನೈದು ದಿನ ಅವಳು ಮೂಲೆಯಲ್ಲಿ ಕೂತು ಸತ್ತ ಹುಳದಿಂದ ಚಿಂದಿ ಬಿಡಿಸಿದಳು. ಹದಿನಾರನೇ ದಿನ ಬರಲಿಲ್ಲ.

ನಿಜ ತಿಳಿದದ್ದು ಅದಾದ ಎರಡು ತಿಂಗಳಿಗೆ, ಬಸ್‌ಸ್ಟ್ಯಾಂಡಿನ ಹತ್ತಿರದ ಟೀ ಅಂಗಡಿಯಲ್ಲಿ. ರೇಡಿಯೋದಲ್ಲಿ ಬಾವಿ ಹಾಡು ಬಂತು, ಹಳೆಯದು, ಆ ಸತ್ತ ಗಾಯಕಿಯದ್ದೇ ದನಿ. ನಾನು ಎಂದಿನಂತೆ ಜೊತೆಗೆ ಗುನುಗಿದೆ. ಪಲ್ಲವಿಯ ಕೊನೆಯಲ್ಲಿ ನಾನು ಮುಂದೆ ಹೋದೆ. ಸರಿಮಾಡಿಕೊಂಡು ಮತ್ತೆ ಸೇರಿಕೊಂಡೆ. ಮೊದಲ ಚರಣದಲ್ಲಿ ಮತ್ತೆ ಮುಂದೆ ಹೋದೆ. ಆಮೇಲೆ ಸರಿಮಾಡುವುದನ್ನು ಬಿಟ್ಟು, ಟೀ ಗ್ಲಾಸ್ ಕೆಳಗಿಟ್ಟು, ನನ್ನ ಪಾಡಿಗೆ ಗುನುಗಿದೆ. ನನ್ನ ಹಾಡು ಮುಗಿದಾಗ ಅವಳಿನ್ನೂ ಮೂರನೇ ಚರಣದಲ್ಲೇ ಇದ್ದಳು. ಬಾವಿಗೆ, ಯಾರಿಗೂ ಹೇಳಬೇಡ ಎನ್ನುತ್ತಿದ್ದಳು.

ನಾಲ್ಕೈದು ತಿಂಗಳಿಂದ ನಾನು ಹಸಿ ಗೂಡು ಕೊಡುತ್ತಿದ್ದೆ. ನಾನು ಬೈದ ಹಾಡು ನನ್ನೊಳಗೆ ಬಂದು ಕೂತು ಹಳೆಯದನ್ನು ತನ್ನ ವೇಗಕ್ಕೆ ಓಡಿಸಿತ್ತು. ಪುಟ್ಟತಾಯಮ್ಮನಿಗೆ ಮೊದಲ ವಾರವೇ ಬೆರಳಿನಲ್ಲಿ ಗೊತ್ತಾಗಿತ್ತು.

ಮಾರನೇ ದಿನದಿಂದ ನಿಧಾನ ಮಾಡಿಕೊಂಡೆ. ಅದು ಸುಲಭವಾಗಿ ಬರಲಿಲ್ಲ. ಹಳೆಯ ಕ್ಯಾಸೆಟ್ ತಂದು ಮನೆಯಲ್ಲಿ ದಿನಾ ಬೆಳಗ್ಗೆ ಕೇಳಿಕೊಂಡು ಹೋಗುತ್ತಿದ್ದೆ, ಪಾಠ ಒಪ್ಪಿಸುವ ಮಕ್ಕಳ ಹಾಗೆ. ನೂಲು ಸರಿಹೋಯಿತು. ಆ ಹೊತ್ತಿಗೆ ಸಣ್ಣ ನೂಲು ತೆಗೆಯುವವರೇ ಇರಲಿಲ್ಲವಾದ್ದರಿಂದ ಯಾರೂ ಗಮನಿಸಲಿಲ್ಲ. ಮ್ಯಾನೇಜರ ಹತ್ತಿರ ಹೋಗಿ, ಸ್ವಾಮಿ, ತಪ್ಪು ನನ್ನದು, ಆ ಹೆಂಗಸನ್ನು ಕರೆಸಿ ಎಂದು ಹೇಳಲು ಒಂದು ನಿಮಿಷ ಸಾಕಿತ್ತು. ಎರಡು ಸಲ ಅವರ ಕೋಣೆಯ ಬಾಗಿಲವರೆಗೆ ಹೋದೆ. ಆ ದಿನಗಳಲ್ಲಿ ಅವರು ಬೇಯಿಸುವ ಯಂತ್ರದ ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದರು. ಹಾಡು ತಪ್ಪುತ್ತದೆ ಎಂದು ನಾನೇ ಹೇಳಿದರೆ ಯಂತ್ರ ನಾಳೆಯೇ ಬರುತ್ತದೆ, ನನ್ನ ಕಸುಬಿಗೆ ಬೆಲೆ ಇರುವುದಿಲ್ಲ. ಪುಟ್ಟತಾಯಮ್ಮನಂಥ ಕೈಗೆ ರಾಮನಗರದಲ್ಲಿ ಎಲ್ಲಿ ಬೇಕಾದರೂ ಕೆಲಸ ಸಿಗುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಎರಡು ಸಲವೂ ವಾಪಸು ಬಂದೆ.

ಯಂತ್ರ ಹೇಗೂ ಬಂತು. ಒಂದೂವರೆ ವರ್ಷ ತಡವಾಗಿ ಬಂತು, ಅಷ್ಟೇ ನಾನು ಗಳಿಸಿದ್ದು. ಗೂಡು ಒಂದು ಕಡೆ ಒಳಗೆ ಹೋಗಿ, ಹಬೆಯಲ್ಲಿ ಬೆಂದು, ಇನ್ನೊಂದು ಕಡೆ ಬರುತ್ತಿತ್ತು. ಅದರ ಸದ್ದಿನಲ್ಲಿ ಗುನುಗಿದರೆ ನನಗೇ ಕೇಳುತ್ತಿರಲಿಲ್ಲ. ಗೂಡು ಮಾತ್ರ ಚೆನ್ನಾಗಿ ಬೇಯುತ್ತಿತ್ತು, ಅದನ್ನು ಹೇಳದಿದ್ದರೆ ಇನ್ನೊಂದು ಸುಳ್ಳಾಗುತ್ತದೆ. ಉಳಿದ ವರ್ಷಗಳನ್ನು ಅದಕ್ಕೆ ಗೂಡು ಸುರಿಯುತ್ತಾ ಕಳೆದು ನಿವೃತ್ತನಾದೆ.

ಟೀವಿಯಲ್ಲಿ ಆ ಹುಡುಗಿ ಹಾಡಿದ ಮೂರನೇ ದಿನ ಕೂಟಗಲ್ಲಿಗೆ ಹೋದೆ. ಪುಟ್ಟತಾಯಮ್ಮ ಮಗಳ ಮನೆಯಲ್ಲಿದ್ದಳು. ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕನ್ನಡಕ ಇರಲಿಲ್ಲ. ಬೆರಳು ಕಾಯಿಯ ಮೇಲೆ ಓಡಾಡುವುದನ್ನು ನೋಡುತ್ತಾ ನಾನು ಸ್ವಲ್ಪ ಹೊತ್ತು ಅಂಗಳದಲ್ಲೇ ನಿಂತೆ. ಅವಳು ಗುರುತು ಹಿಡಿದು, "ಬಾ ಕೆಂಪಣ್ಣ, ಕೂತ್ಕೊ" ಎಂದಳು. ಮಗಳು ಕಾಫಿ ತಂದಿಟ್ಟು ಒಳಗೆ ಹೋದಳು. ಅದೂ ಇದೂ ಮಾತಾಡಿ ಮುಗಿದ ಮೇಲೆ ನಾನು ಟೀ ಅಂಗಡಿಯ ವಿಷಯ ಹೇಳಿದೆ. ಮ್ಯಾನೇಜರ ಬಾಗಿಲಿನವರೆಗೆ ಹೋಗಿ ಬಂದದ್ದನ್ನೂ ಹೇಳಿದೆ. ಏನನ್ನೂ ಬಿಡಲಿಲ್ಲ.

"ನಿಂಗೆ ಆಗ್ಲೇ ಗೊತ್ತಿತ್ತಲ್ಲ" ಎಂದೆ. "ನಿಧಾನಕ್ಕೆ ಹಾಡು ಅಂತ ನೀನೇ ಹೇಳಿದ್ದೆ."

"ಹೇಳಿದ್ದೆ." ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನೀನು ಎಲ್ರ ಮುಂದೆ ಸರಿಯಿತ್ತು ಅಂದ್ಬುಟ್ಟಲ್ಲ. ಇಪ್ಪತ್ತು ವರ್ಷ ನೀನು ಬೇಯ್ಸಿದ್ ಗೂಡು ಹಿಡ್ದೋಳು ನಾನು. ಕೆಂಪಣ್ಣ ಸರಿಯಿತ್ತು ಅಂದ್ಮೇಲೆ ನನ್ ಕಿವೀನೇ ಸುಳ್ಳು, ನನ್ ಕೈನೇ ಕೆಟ್ಟೋಗೈತೆ ಅಂದ್ಕಂಡೆ."

"ಬೇರೆ ಕಡೆ ಹೋಗ್ಲಿಲ್ವಾ?"

"ಕರ್ದ್ರು. ಮೂರು ಕಡೆಯೋರು ಮನೆತಾವ್ಕೇ ಬಂದು ಕರ್ದ್ರು. ಕೈ ಹೋಗೈತೆ, ನಿಮ್ ನೂಲು ಹಾಳಾಯ್ತದೆ ಅಂತ ನಾನೇ ವಾಪಸ್ ಕಳ್ಸಿದೆ. ಮಗ್ಳು ಕಲುಸ್ಕೊಡವ್ವ ಅಂದ್ಲು, ಅವ್ಳಿಗೂ ಕಲಿಸ್ಲಿಲ್ಲ. ಕೆಟ್ಟೋದ ಕೈಯಲ್ಲಿ ಏನ್ ಕಲ್ಸೋದು?"

ತಪ್ಪಾಯಿತು ಎಂದೆ. ಆ ಮಾತು ನನಗೇ ಹಗುರವಾಗಿ ಕೇಳಿಸಿತು. ಅವಳ ಕೈ ಆಗ ನಿಂತಿತು. ಎರಡೂ ಕೈಯನ್ನು ಮಡಿಲಿನಿಂದ ಎತ್ತಿ, ಹಿಂದೆ ಮುಂದೆ ತಿರುಗಿಸಿ, ಬೇರೆ ಯಾರದ್ದೋ ಕೈ ನೋಡುವ ಹಾಗೆ ನೋಡಿಕೊಂಡಳು.

"ಇಷ್ಟ್ ವರ್ಷ ಕೈ ಕೆಟ್ಟೈತೆ ಅಂದ್ಕಂಡೇ ಇದ್ದೆ, ಅದೊಂದು ನೆಮ್ದಿ ಇತ್ತು" ಎಂದಳು. "ಸರಿಯಾಗೇ ಇತ್ತು ಅಂತ ಈಗ ಬಂದು ಹೇಳ್ತಿದೀಯ. ಇದ ತಿಳ್ಕಂಡು ಇನ್ನ್ ನಾನೇನ್ ಮಾಡ್ಲಿ, ಕೆಂಪಣ್ಣ?"

ಕಾಫಿ ಆರಿಹೋಗಿತ್ತು, ಆದರೂ ಕುಡಿದೆ. ಅವಳು ಮೊರವನ್ನು ಹತ್ತಿರ ಎಳೆದುಕೊಂಡಳು, ಆದರೆ ನಾನು ಎದ್ದು ಬರುವವರೆಗೂ ಮತ್ತೆ ಒಂದು ಕಾಯಿಯನ್ನೂ ಸುಲಿಯಲಿಲ್ಲ.